ಕೊಡಿಲ್ಲಿ ಆ ಫೋನು

ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಯೊಂದರ ಮನೆ. ಶನಿವಾರ ಸಂಜೆ ಆರೂಮುಕ್ಕಾಲು. ಬಿಸಿಬೇಳೆಬಾತಿಗೆ ಒಗ್ಗರಣೆ ಬೀಳುತ್ತಿದೆ. ಹನ್ನೊಂದು ವರ್ಷದ ಹುಡುಗ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ರೋಬ್ಲಾಕ್ಸ್ ಆಡುತ್ತಿದ್ದಾನೆ. ಅಮ್ಮ ಅಡುಗೆಮನೆಯಿಂದಲೇ "ಸಾಕು, ಏಳೋ" ಎಂದರು. "ಐದೇ ನಿಮಿಷ" ಎಂದು ಉತ್ತರ ಕೊಟ್ಟದ್ದು ಹುಡುಗನಲ್ಲ, ಅವನ ವಕೀಲರಾಗಿ ಅಪ್ಪ. ಊರಿಂದ ಬಂದು ಮೂರು ತಿಂಗಳಾದ ಅಜ್ಜಿ ಒಳಕೋಣೆಯಿಂದ, "ಹೋಗ್ಲಿ ಬಿಡಮ್ಮಾ, ವಾರವಿಡೀ ಸ್ಕೂಲು, ಒಂದಿನ ಆಡ್ಕೊಳ್ಲಿ" ಎಂದು ದನಿಗೂಡಿಸಿದರು. ಐದು ನಿಮಿಷ ಇಪ್ಪತ್ತಾಯಿತು. ಮೂರನೇ ಸಲ ಕರೆದರೂ ಹುಡುಗ ಏಳದಿದ್ದಾಗ, ಅವನ ಪರ ವಾದಿಸಿದ್ದ ಅದೇ ಅಪ್ಪನಿಗೆ ರೇಗಿತು. "ಕೊಡಿಲ್ಲಿ ಆ ಫೋನು" ಎಂದು ಕೈಚಾಚಿದರು, ಹುಡುಗ ಕೊಡಲಿಲ್ಲ. ನೇರ ಹೋಗಿ ರೌಟರಿನ ಪ್ಲಗ್ ಕಿತ್ತರು. ಹುಡುಗ ಕಿರುಚಿದ. ಅದೇ ಹೊತ್ತಿಗೆ ಅಜ್ಜಿಯ ಟ್ಯಾಬ್‌ನಲ್ಲಿ ಓಡುತ್ತಿದ್ದ ಧಾರಾವಾಹಿಯ ಅತ್ತೆ, ಸೊಸೆಯ ಕಪಾಳಕ್ಕೆ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟಳು.

ಆಮೇಲಿನ ಜಗಳದಲ್ಲಿ ಹುಡುಗನ ಪಾತ್ರವೇ ಇರಲಿಲ್ಲ. "ನೀವೇ ಕೊಡ್ತೀರಿ, ನೀವೇ ಕಿತ್ಕೊಳ್ತೀರಿ, ಮಧ್ಯದಲ್ಲಿ ನಾನು ಕೆಟ್ಟೋಳು" ಎಂದು ಹೆಂಡತಿ. "ನೀನು ಸ್ವಲ್ಪ ನೀಟಾಗಿ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ" ಎಂದು ಗಂಡ. ತಮ್ಮ ಧಾರಾವಾಹಿ ನಿಲ್ಲಿಸಲೆಂದೇ ಪ್ಲಗ್ ಕಿತ್ತದ್ದೆಂದು ತಿಳಿದ ಅಜ್ಜಿ ಊಟ ಬೇಡವೆಂದು ಮಲಗಿದರು. ಬಿಸಿಬೇಳೆಬಾತು ತಣ್ಣಗಾಗಿ ಗಟ್ಟಿಯಾಯಿತು. ಆ ರಾತ್ರಿ ಹೊಟ್ಟೆತುಂಬ ಉಂಡವನು ಹುಡುಗ ಒಬ್ಬನೇ.

ನಮ್ಮ ಕನ್ನಡ ಸಂಘದ ಸದಸ್ಯರೊಬ್ಬರು ಈ ಕತೆಯನ್ನು ಸ್ಮರಣ ಸಂಚಿಕೆಯ ಸಭೆಯಲ್ಲಿ ನಗುತ್ತಲೇ ಹೇಳಿದರು. ಸುತ್ತ ಕೂತವರು ನಕ್ಕು ಮುಗಿಸುವ ಮೊದಲೇ ಒಬ್ಬೊಬ್ಬರಾಗಿ ತಮ್ಮ ಮನೆಯ ಪ್ಲಗ್ಗು, ಪಾಸ್‌ವರ್ಡು, ಬೀರುವಿನಲ್ಲಿ ಬಚ್ಚಿಟ್ಟ ಐಪ್ಯಾಡಿನ ಕತೆ ತೆಗೆದರು. ಯುಗಾದಿ ಸಂಚಿಕೆಯ ಸಂಪಾದಕೀಯಕ್ಕೆ ಬೇರೆ ವಿಷಯ ಹುಡುಕುವ ಅಗತ್ಯ ಉಳಿಯಲಿಲ್ಲ.

"ಕೊಡಿಲ್ಲಿ ಆ ಫೋನು" ಎಂಬ ಮಾತಿಗೆ ಈ ದೇಶದಲ್ಲಿ ಈಗ ಕಾನೂನಿನ ಬಲವೂ ಬಂದಿದೆ. 2024ರ ನವೆಂಬರ್ ಕೊನೆಯಲ್ಲಿ ಆಸ್ಟ್ರೇಲಿಯಾ ಸಂಸತ್ತು ಒಪ್ಪಿದ ಕಾಯ್ದೆ 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ಹದಿನಾರು ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಥ್ರೆಡ್ಸ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್, ರೆಡ್ಡಿಟ್, ಕಿಕ್, ಟ್ವಿಚ್ ಎಂದು ಹತ್ತು ಹೆಸರು ಮೊದಲ ಪಟ್ಟಿಯಲ್ಲಿದ್ದವು. ತಪ್ಪಿದ ಕಂಪನಿಗೆ 4 ಕೋಟಿ 95 ಲಕ್ಷ ಡಾಲರ್‌ವರೆಗೆ ದಂಡ. ಮಕ್ಕಳಿಗೂ ಪಾಲಕರಿಗೂ ಯಾವ ಶಿಕ್ಷೆಯೂ ಇಲ್ಲ. "ಪೊಲೀಸ್ ಬಂದು ಹಿಡ್ಕೊಂಡು ಹೋಗ್ತಾರೆ ನೋಡು" ಎಂದು ಡಿಸೆಂಬರ್‌ನಲ್ಲಿ ಮಕ್ಕಳನ್ನು ಹೆದರಿಸಿದ ಅಪ್ಪ ಅಮ್ಮಂದಿರು ಆ ಮಾತನ್ನು ಈಗಲಾದರೂ ವಾಪಸು ಪಡೆಯುವುದು ಒಳ್ಳೆಯದು. ಮಕ್ಕಳಿಗೆ ನಿಜ ಯಾವತ್ತೋ ಗೊತ್ತಾಗಿದೆ.

ಕಾಯ್ದೆಯಿಂದ ಒಂದು ಉಪಕಾರ ಆಯಿತು. "ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ, ನನಗೊಬ್ಬಳಿಗೇ ಇಲ್ಲ" ಎಂಬ ಅಸ್ತ್ರ ಮೊಂಡಾಯಿತು. ವಿಕ್ಟೋರಿಯಾದ ಸರ್ಕಾರಿ ಶಾಲೆಗಳಲ್ಲಿ 2020ರಿಂದಲೇ ಶಾಲೆಯ ಹೊತ್ತಿನಲ್ಲಿ ಮೊಬೈಲ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಈಗ ಶಾಲೆಯ ಆಚೆಗೂ ಅಮ್ಮನ ಬೆನ್ನಿಗೆ ಸರ್ಕಾರ ನಿಂತಂತಾಯಿತು. ಆದರೆ ಮೇಲೆ ಹೇಳಿದ ಮನೆಯ ಶನಿವಾರ ಸಂಜೆಗೆ ಈ ಕಾಯ್ದೆಯಿಂದ ಏನೂ ಆಗಲಿಲ್ಲ. ಆ ಹತ್ತರ ಪಟ್ಟಿಯಲ್ಲಿ ರೋಬ್ಲಾಕ್ಸ್ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ. ಯೂಟ್ಯೂಬನ್ನು ಖಾತೆ ಇಲ್ಲದೆಯೂ ನೋಡಬಹುದು. ಹಾಗೆ ನೋಡಿದರೆ ಮಗುವಿನ ಖಾತೆಗೆ ಪಾಲಕರು ಹಾಕಿಟ್ಟಿದ್ದ ಕಡಿವಾಣ ಖಾತೆಯ ಜೊತೆಗೇ ಹೋಗಿರುತ್ತದೆ. ಮಗು ಊಟಕ್ಕೆ ಏಳಬೇಕೋ ಬೇಡವೋ ಎಂಬ ಪ್ರಶ್ನೆ ಕ್ಯಾನ್‌ಬೆರಾಕ್ಕೆ ಹೋಗಿ ಬಂದರೂ ಕೊನೆಗೆ ಅಡುಗೆಮನೆಯ ಬಾಗಿಲಲ್ಲೇ ಇತ್ಯರ್ಥವಾಗಬೇಕು.

ಹಾಗಾದರೆ ಎಷ್ಟು ಹೊತ್ತು ನೋಡಬಹುದು? ಸಭೆಗಳಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ಆಸ್ಟ್ರೇಲಿಯಾ ಸರ್ಕಾರದ ಮಾರ್ಗಸೂಚಿಯಲ್ಲಿ ಉತ್ತರವಿದೆ: ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ಐದಕ್ಕೆ ದಿನಕ್ಕೆ ಒಂದು ಗಂಟೆ, ಐದರಿಂದ ಹದಿನೇಳರವರೆಗೆ ಓದಿಗಲ್ಲದೆ ಮೋಜಿಗೆ ಎರಡು ಗಂಟೆ. ಈ ಅಂಕಿಗಳನ್ನು ಫ್ರಿಜ್ಜಿಗೆ ಅಂಟಿಸಿದ ಮನೆಗಳು ಹಲವು, ಪಾಲಿಸಿದ ಮನೆಗಳು ಬೆರಳೆಣಿಕೆ. ಅದಕ್ಕೆ ಮೆಲ್ಬರ್ನಿನ ಪಾಲಕರನ್ನು ಬೈಯುವುದೂ ನ್ಯಾಯವಲ್ಲ. 2020 ಮತ್ತು 2021ರಲ್ಲಿ ಈ ಊರು ಆರು ಲಾಕ್‌ಡೌನ್‌ಗಳಲ್ಲಿ ಒಟ್ಟು 262 ದಿನ ಬಾಗಿಲು ಹಾಕಿಕೊಂಡಿತ್ತು. ಆಗ ಶಾಲೆಯೂ ಐಪ್ಯಾಡಿನಲ್ಲೇ, ಗೆಳೆಯರೂ ಐಪ್ಯಾಡಿನಲ್ಲೇ, ನಮ್ಮ ಭಾನುವಾರದ ಕನ್ನಡ ತರಗತಿಯೂ ಐಪ್ಯಾಡಿನಲ್ಲೇ. ಪಕ್ಕದ ಕೋಣೆಯಲ್ಲಿ ಅಪ್ಪನ ಆಫೀಸು, ಊಟದ ಮೇಜಿನಲ್ಲಿ ಅಮ್ಮನ ಆಫೀಸು. ಆಗ ಪ್ರೆಪ್ ತರಗತಿಯಲ್ಲಿದ್ದ ಐದರ ಮಗುವಿಗೆ ಈಗ ಹನ್ನೊಂದು. "ಸ್ಕ್ರೀನ್ ಕೆಟ್ಟದ್ದು" ಎಂದು ಅವನಿಗೆ ಇಂದು ಹೇಳುವವರೇ ಅಂದು ಬೆಳಗ್ಗೆ ಒಂಬತ್ತಕ್ಕೆ ಅದರ ಮುಂದೆ ಅವನನ್ನು ಕೂರಿಸಿದವರು.

ಅಂಕಿಗಳನ್ನು ಕೊಟ್ಟ ವೈದ್ಯರೂ ಹಠ ಹಿಡಿದು ಕೂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1999ರಲ್ಲಿ ಎರಡು ವರ್ಷದೊಳಗಿನವರಿಗೆ ಟಿವಿ ಬೇಡವೇ ಬೇಡ ಎಂದಿತ್ತು. 2016ರಲ್ಲಿ ಅದನ್ನು ತಿದ್ದಿ, ಹದಿನೆಂಟು ತಿಂಗಳೊಳಗಿನ ಕೂಸಿಗೂ ಒಂದು ವಿನಾಯಿತಿ ಕೊಟ್ಟಿತು: ವೀಡಿಯೊ ಕರೆ. ಹೊರನಾಡ ಕನ್ನಡಿಗರ ಮಟ್ಟಿಗೆ ಆ ಇಡೀ ದಾಖಲೆಯಲ್ಲಿ ಇದಕ್ಕಿಂತ ದೊಡ್ಡ ಸಾಲಿಲ್ಲ. ಬೇಸಿಗೆಯ ಗಡಿಯಾರದಲ್ಲಿ ಮೆಲ್ಬರ್ನ್ ಊರಿಗಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆ ಎಂದರೆ ಮೈಸೂರಿನಲ್ಲಿ ಬೆಳಗಿನ ಎಂಟು. ತಾತ ಕಾಫಿ ಲೋಟ ಹಿಡಿದು, ಕನ್ನಡಕ ಒರೆಸಿಕೊಂಡು, ಫೋನನ್ನು ಹಣೆಯಷ್ಟೇ ಕಾಣುವ ಹಾಗೆ ಹಿಡಿದು ಕೂತಿರುತ್ತಾರೆ. ಮೊಮ್ಮಗಳಿಗೆ ಗೊತ್ತಿರುವ ಕನ್ನಡದ ಅರ್ಧ ಆ ಹಣೆಯಿಂದ ಬಂದದ್ದು. ಬೆಂಗಳೂರಿನ ಇನ್ಫೋಬೆಲ್ಸ್‌ನವರ ಕನ್ನಡ ಶಿಶುಗೀತೆಗಳನ್ನು ಕೇಳಿಯೇ ಇಲ್ಲಿ ಎಷ್ಟೋ ಕೂಸುಗಳು ಮೊದಲ ಪದ ಕಲಿತಿವೆ. ಆದ್ದರಿಂದ "ಸ್ಕ್ರೀನೇ ಬೇಡ" ಎಂಬ ಸಂಪೂರ್ಣ ಪಾನನಿರೋಧ ನಮ್ಮ ಮನೆಗಳಲ್ಲಿ ನಡೆಯುವ ಮಾತಲ್ಲ. ಗಂಟೆ ಲೆಕ್ಕ ಹಾಕುವ ಮೊದಲು ಆ ಗಂಟೆಯಲ್ಲಿ ಯಾರಿದ್ದರು ಎಂದು ಕೇಳಬೇಕಾಗುತ್ತದೆ.

ಜಗಳ ಹತ್ತಿಕೊಳ್ಳುವುದು ನೋಡುವಾಗಲ್ಲ, ನಿಲ್ಲಿಸುವಾಗ. ಇದರ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸಿಸ್ ಹಿನಿಕರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯವಾಗಿದೆ. ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಪರದೆ ಆರಿಸುವ ಗಳಿಗೆ ಹೇಗೆ ಸಾಗುತ್ತದೆ ಎಂದು ಪಾಲಕರಿಂದ ದಿನಚರಿ ಬರೆಸಿದರು. "ಇನ್ನೆರಡು ನಿಮಿಷ ಮಾತ್ರ" ಎಂದು ಮುಂಚಿತವಾಗಿ ಎಚ್ಚರಿಸಿದರೆ ಮಗು ಸಲೀಸಾಗಿ ಬಿಡುತ್ತದೆ ಎಂದು ನಾವೆಲ್ಲ ನಂಬಿದ್ದೇವಲ್ಲ, ದಿನಚರಿಗಳು ಹೇಳಿದ್ದು ತಿರುಗುಮುರುಗು: ಎಚ್ಚರಿಕೆ ಕೊಟ್ಟಾಗ ರಂಪ ಹೆಚ್ಚು. ಮಗುವಿನ ಕಿವಿಗೆ ಅದು ಜಗಳಕ್ಕೆ ಕೊಟ್ಟ ಆಹ್ವಾನ. ಸಲೀಸಾದದ್ದು ಮೂರು ಕಡೆ. ದಿನವೂ ಅದೇ ಹೊತ್ತಿಗೆ ನಿಲ್ಲುವ ರೂಢಿಯಿದ್ದಲ್ಲಿ, ನೋಡುತ್ತಿದ್ದ ಕತೆ ತಾನೇ ಮುಗಿದಲ್ಲಿ, ಯಂತ್ರವೇ ಕೈಕೊಟ್ಟಲ್ಲಿ. ಬ್ಯಾಟರಿ ಸತ್ತರೆ ಮಗು ಯಾರೊಡನೆ ಚೌಕಾಸಿ ಮಾಡೀತು?

ಈ ಕಣ್ಣಿಂದ ನೋಡಿದರೆ ಶನಿವಾರದ ಅಪ್ಪ ಎಡವಿದ್ದೆಲ್ಲಿ ಎಂಬುದು ತಿಳಿಯುತ್ತದೆ. ರೌಟರ್ ದಿನಾ ಆರೂಮುಕ್ಕಾಲಿಗೆ ತಾನಾಗಿ ನಿಂತಿದ್ದರೆ ಅದು ಸೂರ್ಯ ಮುಳುಗಿದ ಹಾಗೆ. ಈಗಿನ ಹೆಚ್ಚಿನ ರೌಟರುಗಳಲ್ಲಿ ಒಂದೊಂದು ಸಾಧನಕ್ಕೂ ಬೇರೆ ಬೇರೆ ವೇಳೆ ಹಾಕಿಡಬಹುದು, ಅಜ್ಜಿಯ ಧಾರಾವಾಹಿಗೆ ಧಕ್ಕೆಯಿಲ್ಲ. ಎಲ್ಲರೆದುರು ಸಿಟ್ಟಿನಿಂದ ಪ್ಲಗ್ ಕಿತ್ತಾಗ ಅದೇ ರೌಟರ್ ಅಪ್ಪನ ಕೈಯ ಬೆತ್ತವಾಯಿತು.

ಇಂದಿನ ಪಾಲಕರು ತಮ್ಮ ಕಾಲದ ನೆನಪು ತೆಗೆದು ಮಕ್ಕಳನ್ನು ಹಂಗಿಸುವುದುಂಟು. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರುವಾಗ ಕರ್ನಾಟಕದ ಅಡುಗೆಮನೆಗಳು ಖಾಲಿಯಾಗುತ್ತಿದ್ದವು, ಹಾಲು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ಹುಚ್ಚಿನಲ್ಲಿ ಆ ತಲೆಮಾರು ಯಾರಿಗೂ ಕಡಿಮೆಯಿರಲಿಲ್ಲ. ಒಂದೇ ವ್ಯತ್ಯಾಸ: 'ಮುಂದುವರಿಯುವುದು' ಎಂದು ತೋರಿಸಿ ಅದು ತಾನೇ ನಿಲ್ಲುತ್ತಿತ್ತು, ನಾಳೆಯವರೆಗೆ ಮಾಡಲು ಬೇರೇನೂ ಇರುತ್ತಿರಲಿಲ್ಲ. ಇಂದಿನ ಮಗುವಿನ ಕೈಯಲ್ಲಿರುವ ಪೆಟ್ಟಿಗೆಯಲ್ಲಿ ಆ ಪದವನ್ನೇ ಅಳಿಸಿಹಾಕಿದ್ದಾರೆ. ಬೆರಳು ಸರಿಸಿದಷ್ಟೂ ಪುಟ ಮುಗಿಯದ ತಂತ್ರವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಒಂದು ವೀಡಿಯೊ ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವುದೂ ಅದೇ ಜಾತಿಯದು. ಮನೆಯಲ್ಲಿ ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸಗಳಿವೆ: ಆ ಆಟೋಪ್ಲೇ ಗುಂಡಿಯನ್ನು ಆಫ್ ಮಾಡುವುದು. "ಅರ್ಧ ಗಂಟೆ" ಎನ್ನುವ ಬದಲು "ಎರಡು ಎಪಿಸೋಡು" ಎನ್ನುವುದು. ಆಟವಾದರೆ "ಈ ಮ್ಯಾಚ್ ಮುಗಿಸಿ ಬಾ" ಎನ್ನುವುದು. ನಡುಪಂದ್ಯದಲ್ಲಿ ಎದ್ದು ಬಾ ಎಂದರೆ ಹುಡುಗನ ಮಟ್ಟಿಗೆ ಅದು ಕೊನೆಯ ಓವರಿನಲ್ಲಿ ಟಿವಿ ಆರಿಸಿದಂತೆ. ಯಾವ ಅಪ್ಪ ಸಹಿಸಿಯಾನು?

ಇನ್ನು ದೊಡ್ಡವರ ಕೈಗೆ ಬರೋಣ. ಹಿನಿಕರ್ ಅವರೇ ಮಿಷಿಗನ್‌ನ ಸಂಶೋಧಕರೊಡನೆ ಸೇರಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳಿರುವ 249 ಕುಟುಂಬಗಳನ್ನು ಕೇಳಿದರು. ಮನೆಯ ನಿಯಮ ಏನು ಎಂದು ಪಾಲಕರನ್ನು ಕೇಳಿದಂತೆಯೇ, ಪಾಲಕರಿಗೆ ಯಾವ ನಿಯಮ ಬೇಕು ಎಂದು ಮಕ್ಕಳನ್ನೂ ಕೇಳಿದ್ದು ವಿಶೇಷ. ಮಕ್ಕಳ ಬೇಡಿಕೆಗಳು ಚುಟುಕಾಗಿದ್ದವು. ನಾನು ಮಾತಾಡುವಾಗ ಫೋನ್ ಕೆಳಗಿಡಿ. ಕಾರು ಓಡಿಸುವಾಗ ಮುಟ್ಟಬೇಡಿ, ಸಿಗ್ನಲ್ಲಿನಲ್ಲೂ ಬೇಡ. ನಮಗೆ ಹೇಳಿದ್ದನ್ನು ನೀವೂ ಮಾಡಿ. ನನ್ನನ್ನು ಕೇಳದೆ ನನ್ನ ಫೋಟೋ ಹಾಕಬೇಡಿ. ಅದಕ್ಕೂ ಎರಡು ವರ್ಷ ಮೊದಲು, 2014ರಲ್ಲಿ, ಬಾಸ್ಟನ್ನಿನ ಡಾ. ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ತಿಂಡಿಯಂಗಡಿಗಳಲ್ಲಿ ಸುಮ್ಮನೆ ಕೂತು, ಮಕ್ಕಳೊಡನೆ ತಿನ್ನಲು ಬಂದ 55 ಹಿರಿಯರನ್ನು ಗಮನಿಸಿದ್ದರು. 40 ಮಂದಿ ಊಟದ ನಡುವೆ ಫೋನ್ ತೆಗೆದರು. ಇಲ್ಲಿಯ ದೋಸೆ ಹೋಟೆಲುಗಳಲ್ಲಿ ಭಾನುವಾರ ಬೆಳಗ್ಗೆ ಎಣಿಸಿದರೆ ಲೆಕ್ಕ ಎಷ್ಟು ಬಂದೀತೆಂದು ಓದುಗರೇ ಊಹಿಸಲಿ.

ಸದಸ್ಯರ ಮನೆಯೊಂದರ ಫ್ರಿಜ್ಜಿನ ಮೇಲೊಂದು ಚೀಟಿಯಿದೆ. ಮೂರು ಸಾಲು ಅಮ್ಮನ ದುಂಡಕ್ಷರದಲ್ಲಿ: ಊಟಕ್ಕೆ ಕೂತಾಗ ಎಲ್ಲರ ಫೋನೂ ಮೈಕ್ರೋವೇವ್ ಮೇಲಿನ ಬುಟ್ಟಿಗೆ, ರಾತ್ರಿ ಚಾರ್ಜಿಂಗ್ ಹಾಲಿನಲ್ಲಿ, ಮಲಗುವ ಕೋಣೆಯಲ್ಲಿ ಅಲ್ಲ, ಅಪ್ಪ ಬೇಡ ಎಂದರೆ ಅಮ್ಮನನ್ನು ಕೇಳುವ ಹಾಗಿಲ್ಲ, ಅಮ್ಮ ಬೇಡ ಎಂದರೆ ಅಜ್ಜಿಯನ್ನು ಕೇಳುವ ಹಾಗಿಲ್ಲ. ನಾಲ್ಕನೆಯದು ಒಂಬತ್ತು ವರ್ಷದ ಮಗಳದು, ಕನ್ನಡ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ, ಒತ್ತಕ್ಷರ ತಪ್ಪಿಸಿ: "ಅಪ ಕಾರಲಿ ಪೋನ್ ನೋಡಬಾರದು." ಕಾಗುಣಿತ ತಿದ್ದಲು ಅಮ್ಮ ಪೆನ್ನು ತೆಗೆದರಂತೆ, ಅಪ್ಪನೇ ಬೇಡವೆಂದರಂತೆ. ಅಂದಹಾಗೆ ಆ ತಪ್ಪಿಗೆ ವಿಕ್ಟೋರಿಯಾದಲ್ಲಿ ನಾಲ್ಕು ಡಿಮೆರಿಟ್ ಪಾಯಿಂಟ್. ಮಗಳು ಕೇಳಿದ್ದು ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚೇನಲ್ಲ.

ಚೀಟಿಯ ಮೂರನೇ ಸಾಲಿನ ಮೇಲೆ ಈ ಸಂಪಾದಕೀಯಕ್ಕೆ ವಿಶೇಷ ಒಲವು. ಜಗಳಗಳ ಬುಡ ಅಗೆದರೆ ಸಿಗುವುದು ಬಹುಪಾಲು ಅದೇ. ಮಕ್ಕಳು ನಿಯಮ ಮುರಿಯುವುದಕ್ಕಿಂತ ಹೆಚ್ಚಾಗಿ ನಿಯಮದ ಸಂದಿಯಲ್ಲಿ ನುಸುಳುತ್ತಾರೆ, ಆ ಸಂದಿ ಇಬ್ಬರು ದೊಡ್ಡವರ ನಡುವೆ ಇರುತ್ತದೆ. ವಿಸಿಟರ್ ವೀಸಾದ ಮೇಲೆ ಬಂದು ಆರು ತಿಂಗಳು ಇದ್ದು ಹೋಗುವ ಅಜ್ಜ ಅಜ್ಜಿಯರ ಕಷ್ಟವೂ ನಿಜ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಹೊರಗೆ ಹೋಗಲು ಕಾರಿಲ್ಲ, ನೆರೆಯವರ ಭಾಷೆ ಬರುವುದಿಲ್ಲ, ಚಳಿಗೆ ಪಾರ್ಕೂ ಇಲ್ಲ. ಮೊಮ್ಮಗನೊಡನೆ ಸೋಫಾದಲ್ಲಿ ಕೂತು ಏನನ್ನಾದರೂ ನೋಡುವುದೇ ಅವರಿಗೆ ಸಿಗುವ ಒಡನಾಟ. ಅವರಿಗೆ ಸೊಸೆ ಹಿಂದಿನಿಂದ ಕಣ್ಣುಬಿಟ್ಟರೆ ಪ್ರಯೋಜನವಿಲ್ಲ. ಬಂದ ಮೊದಲ ವಾರದಲ್ಲೇ, ಮಗನೇ ಕೂತು, "ಅಮ್ಮಾ, ನಮ್ಮನೇಲಿ ಹೀಗೆ ಅಂತ ಮಾತಾಡ್ಕೊಂಡಿದ್ದೀವಿ" ಎಂದು ಹೇಳಬೇಕಾದ ಮಾತು ಅದು. ಈ ಕೆಲಸವನ್ನು ಸೊಸೆಗೆ ವಹಿಸಿ ತಾನು ಕ್ರಿಕೆಟ್ ಸ್ಕೋರ್ ನೋಡುವ ಗಂಡಸರ ಸಂಖ್ಯೆ ಸಂಘದಲ್ಲಿ ಸಣ್ಣದಲ್ಲ.

ಊರಿನಲ್ಲೂ ಜನ ಇದನ್ನು ಒಬ್ಬೊಬ್ಬರ ಮನೆಯ ಗುಟ್ಟಾಗಿ ಉಳಿಸಿಕೊಂಡಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಒಂದೂವರೆ ಗಂಟೆ ಊರಿಗೆ ಊರೇ ಟಿವಿ, ಮೊಬೈಲ್ ಆರಿಸುವ ಪದ್ಧತಿ ತಂದರು. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಹಲಗಾ ಗ್ರಾಮದವರೂ ಅದೇ ದಾರಿ ಹಿಡಿದು ಏಳರಿಂದ ಒಂಬತ್ತು ಎಂದು ಗೊತ್ತುಮಾಡಿಕೊಂಡರು. ಇದರಲ್ಲಿ ಜಾಣತನವಿರುವುದು ಸೈರನ್ನಿನಲ್ಲಲ್ಲ. ಪಕ್ಕದ ಮನೆಯ ಟಿವಿಯೂ ಆರಿರುತ್ತದೆ, ಅಪ್ಪನ ಮೊಬೈಲೂ ಆರಿರುತ್ತದೆ. ಮಗುವಿಗೆ ತನ್ನೊಬ್ಬನಿಂದ ಕಿತ್ತುಕೊಂಡರು ಅನ್ನಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳಲ್ಲಿ ವಿಷಯ ಜಗಳವನ್ನು ದಾಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬ ಹೆಸರಿದೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಓದು, ಊಟ, ನಿದ್ದೆ, ಗೆಳೆತನಗಳೆಲ್ಲ ಅದರ ಹಿಂದೆ ಬಿದ್ದಿರಬೇಕು, ಕೆಡುಕು ಕಣ್ಣಿಗೆ ಕಂಡರೂ ನಿಲ್ಲದಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳು ಹಾಗೆ ಸಾಗಿರಬೇಕು. ರಜೆಯಲ್ಲಿ ನಾಲ್ಕು ಗಂಟೆ ಆಡಿದ ಮಗನಿಗೆ ನೆಂಟರೆದುರು "ಇವನು ಅಡಿಕ್ಟ್" ಎಂದು ಹಣೆಪಟ್ಟಿ ಕಟ್ಟುವುದು ತಪ್ಪು. ಮೇಲಿನ ಲಕ್ಷಣಗಳಿದ್ದಾಗ "ವಯಸ್ಸು, ಸರಿಹೋಗ್ತಾನೆ" ಎಂದು ಕೂರುವುದೂ ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಇಲ್ಲಿ ಮೊದಲ ಬಾಗಿಲು ಮನೆಯ ವೈದ್ಯರಾದ ಜಿಪಿ. ಮಕ್ಕಳು ತಾವೇ ಮಾತಾಡಲು ಕಿಡ್ಸ್ ಹೆಲ್ಪ್‌ಲೈನ್ ಇದೆ, 1800 55 1800, ದಿನದ ಇಪ್ಪತ್ನಾಲ್ಕು ಗಂಟೆಯೂ, ಉಚಿತವಾಗಿ. ಮನೆಯ ಮಾತು ಹೊರಗೆ ಹೋಗಬಾರದೆಂಬ ನಮ್ಮ ಸಂಕೋಚಕ್ಕೆ ಮಕ್ಕಳು ಬೆಲೆ ತೆರಬಾರದು.

ಕೊನೆಗೆ, ಸಂಘದ ತಪ್ಪೊಪ್ಪಿಗೆ. ನಮ್ಮ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣ ಇಪ್ಪತ್ತು ನಿಮಿಷ, ಅತಿಥಿ ಪರಿಚಯ ಹದಿನೈದು ನಿಮಿಷ, ಪ್ರಾಯೋಜಕರ ಸನ್ಮಾನಕ್ಕೆ ಲೆಕ್ಕವೇ ಇಲ್ಲ. ಅಷ್ಟು ಹೊತ್ತು ಆರು ವರ್ಷದ ಮಗು ಹೇಗೆ ಕೂತೀತು? ಮೂರನೇ ಸಾಲಿನಿಂದ ಹಿಂದಕ್ಕೆ ನೋಡಿದರೆ ಕತ್ತಲಲ್ಲಿ ಪುಟ್ಟ ಮುಖಗಳೆಲ್ಲ ನೀಲಿಯಾಗಿ ಹೊಳೆಯುತ್ತಿರುತ್ತವೆ. ಫೋನ್ ಕೊಟ್ಟು ಕೂರಿಸಿದವರು ನಾವೇ. ಅದೇ ಮಗು ವೇದಿಕೆ ಹತ್ತಿ ಕೋಲಾಟ ಆಡುವಾಗ ಎದುರು ಕಾಣುವುದು ಅಪ್ಪ ಅಮ್ಮನ ಮುಖವಲ್ಲ, ಎತ್ತಿಹಿಡಿದ ನೂರು ಫೋನುಗಳ ಬೆನ್ನು. ಮನೆ ಸೇರುವಷ್ಟರಲ್ಲಿ ಆ ಮಗುವಿನ ಚಿತ್ರ, ಹೆಸರಿನ ಸಮೇತ, ಸಂಘದ ಫೇಸ್‌ಬುಕ್ ಪುಟದಲ್ಲಿರುತ್ತದೆ. ಖಾತೆ ತೆರೆಯಲು ಇನ್ನೂ ಹತ್ತು ವರ್ಷ ಕಾಯಬೇಕಾದ ಮಗುವಿನದು!

ಕಾರ್ಯಕಾರಿ ಸಮಿತಿ ಈ ವರ್ಷದಿಂದ ನಾಲ್ಕು ಬದಲಾವಣೆಗೆ ಒಪ್ಪಿದೆ. ಭಾಷಣಗಳೆಲ್ಲ ಸೇರಿ ಇಪ್ಪತ್ತು ನಿಮಿಷ ಮೀರುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಚೌಕಾಬಾರ, ಅಳಗುಳಿಮಣೆ, ಪಗಡೆ ಇರುತ್ತವೆ, ಆಡಿಸಲು ಹಿರಿಯರು ಬೇಕಾಗಿದ್ದಾರೆ. ನೃತ್ಯಗಳನ್ನು ಸಂಘದ ಒಂದೇ ಕ್ಯಾಮೆರಾ ಚಿತ್ರಿಸಿ ಮನೆಯವರಿಗಷ್ಟೇ ಕಳಿಸುತ್ತದೆ. ಸಭಿಕರು ದಯವಿಟ್ಟು ಫೋನ್ ಕೆಳಗಿಟ್ಟು ಚಪ್ಪಾಳೆ ಹೊಡೆಯಬೇಕು. ಮಕ್ಕಳ ಚಿತ್ರ ಪ್ರಕಟಿಸಲು ನೋಂದಣಿ ಮೇಜಿನಲ್ಲಿ ಒಪ್ಪಿಗೆ ಪತ್ರ ಇಟ್ಟಿದೆ, ಹತ್ತು ದಾಟಿದ ಮಕ್ಕಳ ಸಹಿಗೂ ಅದರಲ್ಲಿ ಜಾಗವಿದೆ. ಈ ಸಂಚಿಕೆಯ ಮಕ್ಕಳ ಪುಟಕ್ಕೆ ಚಿತ್ರ ಕೇಳಿದಾಗ ಇಬ್ಬರು ಬೇಡವೆಂದರು. ಆ ಎರಡು ಚೌಕಗಳಲ್ಲಿ ಅವರೇ ಬಿಡಿಸಿದ ಮಾವಿನೆಲೆ ತೋರಣವೂ ಒಂದು ಬೆಕ್ಕೂ ಇವೆ.